ಒಂದು ಕಾರ್ಡಿನ ಎರಡು ರಕ್ತ

ಮೊದಲ ತಿಂಗಳ ಪರೀಕ್ಷೆಯಲ್ಲಿ ಅಪಾಯದ ಗೆರೆ ಇಳಿಯಬೇಕಿತ್ತು. ಏರಿತ್ತು.

ಹರಿಣಾಕ್ಷಿ ಅದೇ ರಕ್ತವನ್ನು ಯಂತ್ರಕ್ಕೆ ಇನ್ನೊಮ್ಮೆ ಕೊಟ್ಟು ಕಾದಳು. ಪರದೆಯ ಮೇಲೆ ಗೆರೆ ಮತ್ತೆ ಮೇಲಕ್ಕೇ ಹೋಯಿತು. ಹನಿ ಮದ್ದು ತೆಗೆದುಕೊಳ್ಳುತ್ತಿದ್ದ ಬೇರೆಲ್ಲ ಹೆಂಗಸರ ಗೆರೆಗಳು ತಗ್ಗಿಗೆ ಹರಿಯುವ ನೀರಿನಂತೆ ಕೆಳಗೆ ಬರುತ್ತಿದ್ದವು. ಇದೊಂದು ಮಾತ್ರ ಹಾಗಿರಲಿಲ್ಲ. ಮಾದರಿಗಳ ಮೇಲೆ ಹೆಸರು ಬರೆಯುವ ಕ್ರಮ ಅಲ್ಲಿರಲಿಲ್ಲ, ಬೀಡಿ ಕಾರ್ಡಿನ ನಂಬರು ಮಾತ್ರ. ಈ ನಂಬರು ಅವಳಿಗೆ ಬಾಯಿಪಾಠ. ಶಾಲೆಗೆ ಹೋಗುವ ದಾರಿಯಲ್ಲಿ ಬೀಡಿಯ ಕಟ್ಟುಗಳನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸುತ್ತಿದ್ದ ಕಾಲದಲ್ಲಿ ಕೌಂಟರಿನಿಂದ ಅದನ್ನೇ ಕೂಗುತ್ತಿದ್ದರು. ಅದು ಅವಳ ಅಮ್ಮ ಸುಂದರಿಯ ಕಾರ್ಡು.

ಕರಾವಳಿಯ ಈ ಪ್ರಯೋಗಾಲಯ ಬೀಡಿ ಕಟ್ಟುವವರನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಒಂದು ಬೀಡಿಯನ್ನೂ ಸೇದದ ಹೆಂಗಸರ ರಕ್ತದಲ್ಲಿ, ಹೊಗೆ ಕುಡಿಯುವ ಗಂಡಸರಲ್ಲಿ ಕಾಣುವ ಗುರುತುಗಳು ಸಿಕ್ಕಿದ್ದವು. ಹೊಗೆಸೊಪ್ಪಿನ ಧೂಳು ಬೆರಳಿನಿಂದ, ಉಸಿರಿನಿಂದ ಒಳಗೆ ಹೋಗಿ ಜೀನ್‌ಗಳ ಮೇಲೆ ಸಣ್ಣ ರಾಸಾಯನಿಕ ಗುರುತುಗಳನ್ನು ಕೂರಿಸಿತ್ತು. ಮಿದುಳಿನ ರಕ್ತನಾಳವನ್ನು ಮೆತ್ತಗೆ ಇಡಬೇಕಾದ ಜೀನ್‌ಗಳು ಅದರಿಂದ ಮೌನವಾಗಿದ್ದವು, ರಕ್ತವನ್ನು ಹೆಪ್ಪುಗಟ್ಟಿಸುವವು ಬಾಯಿಬಿಟ್ಟಿದ್ದವು. ಆ ಗುರುತುಗಳನ್ನು ಓದಿ ಯಾರಿಗೆ ಪಾರ್ಶ್ವವಾಯು ಹತ್ತಿರದಲ್ಲಿದೆ ಎಂದು ಯಂತ್ರ ಹೇಳುತ್ತಿತ್ತು. ಹೇಳಿದ್ದು ತಪ್ಪಿದ್ದು ಕಡಿಮೆ.

ಮದ್ದು ಮನೆಗೆ ಬಂದ ದಿನ ಅಮ್ಮನಿಗೆ ಇದನ್ನು ವಿವರಿಸಲು ಹರಿಣಾಕ್ಷಿ ತಾಳಮದ್ದಳೆಯ ದಾರಿ ಹಿಡಿದಿದ್ದಳು. ಯಕ್ಷಗಾನದ ಪದ್ಯ ಕೇಳದೆ ಅವರ ಮನೆಯ ಜಗಲಿಯಲ್ಲಿ ಒಂದು ಬೀಡಿಯೂ ಸುತ್ತಿದ್ದಿಲ್ಲ.

“ಅಮ್ಮ, ಪ್ರಸಂಗದ ಪುಸ್ತಕದಲ್ಲಿ ಪದ್ಯ ಎಲ್ಲ ಅಚ್ಚಾಗಿಯೇ ಇರ್ತದೆ. ಆದ್ರೆ ಭಾಗವತರು ಎಲ್ಲವನ್ನೂ ಹಾಡ್ತಾರಾ?”

“ಎಲ್ಲ ಹಾಡಿದ್ರೆ ಮುಗಿದ ಹಾಗೆಯೇ. ಪೆನ್ಸಿಲಲ್ಲಿ ಗೀಟು ಹಾಕಿ ಇಟ್ಕೊಳ್ತಾರೆ. ಇದು ಹಾಡುದು, ಇದು ಬಿಡುದು.”

“ಮೈಯೊಳಗೂ ಹಾಗೆಯೇ. ಪುಸ್ತಕ ಹುಟ್ಟುವಾಗ ಸಿಕ್ಕಿದ್ದೇ. ಗೀಟು ಮಾತ್ರ ನಾವು ಬದುಕಿದ ಹಾಗೆ ಬೀಳ್ತದೆ. ಈ ಮದ್ದು ಆ ಗೀಟು ಒರಸುವ ರಬ್ಬರು.”

ಸುಂದರಿ ಯೋಚಿಸಿ ಕೇಳಿದ್ದಳು. “ನಮ್ಮ ಪುಸ್ತಕಕ್ಕೆ ಗೀಟು ಹಾಕಿದ ಭಾಗವತ ಯಾರು ಹಾಗಾದ್ರೆ?”

“ಹೊಗೆಸೊಪ್ಪಿನ ಧೂಳು. ನಿದ್ದೆಗೆಟ್ಟದ್ದು. ಅಪ್ಪ ಹೋದ ಮೇಲೆ ನೀನು ಸರಿಯಾಗಿ ಉಣ್ಣದೆ ಇದ್ದದ್ದು.”

“ಭಾಗವತನಿಗೆ ತಾಳಜ್ಞಾನ ಇಲ್ಲ ಅಂತ ಆಯ್ತು,” ಎಂದು ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದ ಚಿಕ್ಕಮ್ಮ ಲೀಲಾವತಿ ತಲೆಯೆತ್ತದೆ ಹೇಳಿದ್ದಳು. ಮೂವರೂ ನಕ್ಕಿದ್ದರು.

ಆದರೆ ಒಬ್ಬರ ಗೀಟು ಇದ್ದ ಜಾಗದಲ್ಲಿ ಇನ್ನೊಬ್ಬರ ಗೀಟು ಇರುವುದಿಲ್ಲ. ಅದಕ್ಕಾಗಿ ಒಬ್ಬೊಬ್ಬರ ರಕ್ತದಿಂದ ನಕ್ಷೆ ತೆಗೆದು ಅವರೊಬ್ಬರಿಗೇ ಹೊಂದುವ ಮದ್ದನ್ನು ಮಾಡಬೇಕಾಗುತ್ತಿತ್ತು. ಬೆಳೆಸಿ, ಸೋಸಿ, ಶೀಶೆಗೆ ತುಂಬುವಾಗ ಎರಡೂವರೆ ತಿಂಗಳು. ಒಬ್ಬರ ಮದ್ದು ಇನ್ನೊಬ್ಬರ ಬಾಯಿಗೆ ಹೋದರೆ ಏನಾಗುತ್ತದೆ ಎಂದು ಮನುಷ್ಯರ ಮೇಲೆ ಯಾರೂ ನೋಡಿರಲಿಲ್ಲ. ಇಲಿಗಳ ಮೇಲೆ ನೋಡಿದ್ದರು. ಆ ಇಲಿಗಳ ಚಿತ್ರ ಹರಿಣಾಕ್ಷಿಗೆ ಈಗ ಬೇಡವೆಂದರೂ ನೆನಪಾಯಿತು.

ಅವಳು ನಕ್ಷೆಗೆಂದು ತೆಗೆದ ಮೊದಲ ರಕ್ತವನ್ನೂ, ನರ್ಸು ಮನೆಗೆ ಹೋಗಿ ತಂದ ಈ ತಿಂಗಳ ರಕ್ತವನ್ನೂ ಪಕ್ಕಪಕ್ಕದಲ್ಲಿ ಇಟ್ಟಳು. ಗುರುತು ಬೇಡ, ಜೀನಿನ ಅಕ್ಷರಗಳನ್ನೇ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಗುರುತು ಬದಲಾಗಬಹುದು, ಅಕ್ಷರ ಬದಲಾಗದು. ಇಲ್ಲಿ ಅಕ್ಷರಗಳೇ ಹೊಂದುತ್ತಿರಲಿಲ್ಲ. ಪೂರ್ತಿ ಬೇರೆಯೂ ಅಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಇರುವಷ್ಟು ಹೋಲಿಕೆ, ಇರುವಷ್ಟು ವ್ಯತ್ಯಾಸ.

ಅಮ್ಮನಿಗೆ ಒಡಹುಟ್ಟಿದವರೆಂದರೆ ಒಬ್ಬಳೇ.

*

ಜಗಲಿಯಲ್ಲಿ ಲೀಲಾವತಿ ಒಬ್ಬಳೇ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮದ್ದು ಶುರುವಾದ ಮೇಲೆ ಸುಂದರಿ ಹೊಗೆಸೊಪ್ಪು ಮುಟ್ಟುವಂತಿರಲಿಲ್ಲ. ಅಕ್ಕನ ಪಾಲಿನ ಬೀಡಿಯನ್ನೂ ತಂಗಿಯೇ ಕಟ್ಟುತ್ತಿದ್ದಳು. ಮೊಬೈಲಿನ ತಾಳಮದ್ದಳೆಯಲ್ಲಿ ಕರ್ಣ ತನ್ನ ತಾಯಿಯೊಂದಿಗೆ ವಾದಿಸುತ್ತಿದ್ದ. ಸುಂದರಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು.

“ಇಷ್ಟು ಬೇಗ ಬಂದದ್ದಾ? ಉಂಡಿದಿಯಾ?”

ಹರಿಣಾಕ್ಷಿ ಚಪ್ಪಲಿ ಕಳಚದೆ ಕೇಳಿದಳು. “ಚಿಕ್ಕಮ್ಮ, ಬ್ರಾಂಚಲ್ಲಿ ರಕ್ತ ತೆಗೆದ ದಿನ ಹೋದದ್ದು ಯಾರು?”

“ನಾನು. ಯಾಕೆ?”

“ಅಮ್ಮ ಹೋಗ್ಲಿಲ್ವಾ?”

“ಅವಳಿಗೆ ಮೊಣಕಾಲು ನೋವು. ಬೀಡಿ ಕೊಡ್ಲಿಕ್ಕೆ ಹೋದದ್ದು ನಾನು. ಅಲ್ಲಿ ಬಿಳಿ ಕೋಟಿನವರು ಕೂತು ಕಾರ್ಡು ನೋಡಿ ಸುಂದರಿ ಅಂತ ಕೂಗಿದ್ರು, ನಾನು ಕೈ ನೀಡಿದೆ. ಆ ಕಾರ್ಡಲ್ಲಿ ಸುಂದರಿ ಅಂತ ಕೂಗಿದ್ರೆ ಓ ಅನ್ನುದು ನಾನು ಇವತ್ತು ನಿನ್ನೆ ಕಲಿತದ್ದಾ?”

ಅದು ನಿಜ. ಗಂಡನ ಮನೆ ಬಿಟ್ಟು ಲೀಲಾವತಿ ಬಂದಾಗ ಬ್ರಾಂಚಿನಲ್ಲಿ ಹೊಸ ಕಾರ್ಡು ಕೊಡುವುದು ನಿಂತಿತ್ತು. ಅಕ್ಕ ತನ್ನ ಕಾರ್ಡನ್ನೇ ಮುಂದಿಟ್ಟಳು. ಅಂದಿನಿಂದ ಎಲೆ ಒಂದು, ಸೊಪ್ಪು ಒಂದು, ಕಾರ್ಡು ಒಂದು. ಕಟ್ಟುವ ಕೈ ಮಾತ್ರ ಎರಡು. ಬ್ರಾಂಚಿನವರಿಗೆ ಇಬ್ಬರೂ ಸುಂದರಿಯೇ. ಊರಿನ ಅರ್ಧ ಮನೆಗಳಲ್ಲಿ ಬೀಡಿಯ ಲೆಕ್ಕ ನಡೆಯುತ್ತಿದ್ದುದು ಹೀಗೆಯೇ. ಊರಿನವಳಾದ ಹರಿಣಾಕ್ಷಿಗೆ ಇದು ಗೊತ್ತಿತ್ತು. ಗೊತ್ತಿದ್ದದ್ದು ಪ್ರಯೋಗಾಲಯದ ಒಳಗೆ ಒಮ್ಮೆಯೂ ನೆನಪಾಗಿರಲಿಲ್ಲ.

“ಅದಕ್ಕೆ ಈಗ ಎಂತ?” ಎಂದಳು ಸುಂದರಿ. “ರಕ್ತ ಇವಳದ್ದಾದ್ರೆ ಎಂತ, ನನ್ನದಾದ್ರೆ ಎಂತ. ಮನೆ ಒಂದೇ ಅಲ್ವಾ.”

“ಮದ್ದು ಚಿಕ್ಕಮ್ಮನದ್ದು, ಅಮ್ಮ. ತೆಗೊಂಡದ್ದು ನೀನು.”

ಲೀಲಾವತಿಯ ಬೆರಳು ಅರ್ಧ ಸುತ್ತಿದ ಬೀಡಿಯ ಮೇಲೆ ನಿಂತಿತು. ಅವಳು ಮೊಬೈಲನ್ನು ಬಂದ್ ಮಾಡಿದಳು. ಅದನ್ನು ಅವಳು ಪದ್ಯದ ನಡುವೆ ಎಂದೂ ಬಂದ್ ಮಾಡಿದವಳಲ್ಲ.

“ಅಂದ್ರೆ?”

“ಅಂದ್ರೆ ನಿನ್ನ ಪುಸ್ತಕದ ಗೀಟು ನೋಡಿ ಅಮ್ಮನ ಪುಸ್ತಕದಲ್ಲಿ ಒರಸಿದ್ದು. ಒರಸಬಾರದ್ದನ್ನು ಒರಸಿ ಆಗಿದೆ. ರಕ್ತನಾಳ ಕಾಯುವ ಜೀನು ಅಮ್ಮನಲ್ಲಿ ಸರಿಯಾಗಿಯೇ ಇತ್ತೋ ಏನೋ. ಈಗ ಅದು ಬಾಯಿ ಮುಚ್ಚಿದೆ.” ಅವಳು ಅಮ್ಮನ ಕಡೆ ತಿರುಗಿದಳು. “ಅಮ್ಮ, ನಿನಗೆ ಕೈ ಜುಮ್ಮೆನ್ನುದು, ತಲೆ ತಿರುಗುದು ಉಂಟಾ? ಸರಿಯಾಗಿ ಹೇಳು.”

ಸುಂದರಿ ಅಪರಾಧ ಮಾಡಿದವಳಂತೆ, “ಬೆಳಿಗ್ಗೆ ಇವಳ ಹತ್ರ ಅದು ತಾ ಅಂತ ಹೇಳ್ಲಿಕ್ಕೆ ಹೋದೆ. ಸಾರು ಬಡಿಸುವ ಅದು. ಹೆಸರೇ ಬರ್ಲಿಲ್ಲ,” ಎಂದಳು.

“ಸೌಟು,” ಎಂದಳು ಲೀಲಾವತಿ ಮೆಲ್ಲಗೆ.

“ಹಾಂ. ಅದೇ.”

*

ಅಂದೇ ಸುಂದರಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಯಿತು. ರಕ್ತ ತೆಳು ಮಾಡುವ ಮಾತ್ರೆ, ಒತ್ತಡ ಇಳಿಸುವ ಮಾತ್ರೆ, ಇದ್ದದ್ದೆಲ್ಲವನ್ನೂ ಕೊಟ್ಟರು. ಹೊಸ ನಕ್ಷೆಗೆ ರಕ್ತ ತೆಗೆದರು. ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ಧರಣೇಂದ್ರ, ಕೂತು ಮಾತಾಡುವ ಮನುಷ್ಯ. ಆ ದಿನ ಮಾತ್ರ ಪರದೆಯ ಎದುರು ನಿಂತೇ ಇದ್ದರು.

“ನನ್ನ ರಕ್ತದ ನಕ್ಷೆ ನಮ್ಮಲ್ಲಿ ಉಂಟಲ್ವಾ ಸರ್,” ಎಂದಳು ಹರಿಣಾಕ್ಷಿ. “ಅಮ್ಮನ ಅರ್ಧ ನನ್ನಲ್ಲಿ ಉಂಟು. ಅದರಿಂದ ಏನಾದ್ರೂ ಬೇಗ ಮಾಡ್ಲಿಕ್ಕಾಗ್ತದಾ?”

“ಅರ್ಧ ಹೊಂದುವ ಮದ್ದು ಕೊಟ್ಟೇ ಇವತ್ತು ಇಲ್ಲಿ ನಿಂತಿದ್ದೇವೆ.”

“ಒರಸಿದ್ದನ್ನು ವಾಪಸ್ ಬರೆಯುವುದು?”

“ಹೊಸ ಮದ್ದು ಬೇಕು. ನಿಮಗೆ ಗೊತ್ತುಂಟು, ಎಷ್ಟು ಅವಸರ ಮಾಡಿದ್ರೂ ಎರಡು ತಿಂಗಳು ದಾಟ್ತದೆ.”

“ಅಮ್ಮನಿಗೆ ಅಷ್ಟು ಸಮಯ ಉಂಟಾ?”

ಅವರು ಗೆರೆಯನ್ನು ನೋಡಿದರು. ಆಮೇಲೆ ಇನ್ನೊಂದು ನಕ್ಷೆಯನ್ನು ತೆರೆದರು. ಅದು ಇಷ್ಟು ದಿನ ಸುಂದರಿಯದು ಎಂದುಕೊಂಡಿದ್ದ ಲೀಲಾವತಿಯ ನಕ್ಷೆ.

“ನಿಮ್ಮ ಚಿಕ್ಕಮ್ಮನಿಗೂ ಸಮಯ ಇಲ್ಲ, ಹರಿಣಾಕ್ಷಿ. ನಾವು ನೋಡಿದ ಎಲ್ಲರಲ್ಲಿ ಇದೇ ಕೆಟ್ಟದ್ದು. ಅದಕ್ಕೇ ಆ ಕಾರ್ಡನ್ನು ಮೊದಲು ಆರಿಸಿದ್ದು. ಅವರ ಮದ್ದು ನಮ್ಮ ಫ್ರಿಜ್ಜಿನಲ್ಲಿ ಉಂಟು, ಉಳಿದ ಶೀಶೆ ಸಾಕಾಗ್ತದೆ. ಇವತ್ತಿನಿಂದಲೇ ಕೊಡಿ.”

“ಈ ತಪ್ಪಿನ ತನಿಖೆ ಆಗುವ ತನಕ ಯಾವುದೂ ಮುಟ್ಟಬಾರದು ಅಂತ ಹೇಳ್ತಾರಲ್ಲ ಸರ್.”

“ಹೇಳುವವರು ಬರುವ ಮೊದಲು ನಾನು ಸಹಿ ಹಾಕಿ ಆಗಿರ್ತದೆ. ಆಮೇಲೆ ನನ್ನನ್ನು ಕೇಳ್ಲಿ.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಅಮ್ಮನನ್ನು ಉಳಿಸ್ತೇನೆ ಅಂತ ನಿಮಗೆ ಸುಳ್ಳು ಹೇಳುದಿಲ್ಲ. ಒಬ್ಬರನ್ನು ಉಳಿಸಬಹುದು. ಅದಾದ್ರೂ ಆಗ್ಲಿ.”

ಹರಿಣಾಕ್ಷಿ ಮದ್ದು ಇಟ್ಟ ಐಸಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಆಸ್ಪತ್ರೆಗೆ ಓಡಿದಳು.

*

ಸುಂದರಿಯ ಮಂಚದ ಪಕ್ಕದಲ್ಲಿ ಸ್ಟೂಲಿನ ಮೇಲೆ ಲೀಲಾವತಿ ಕೂತಿದ್ದಳು. ಹಣೆಯಲ್ಲಿ ಗಂಧ ಇತ್ತು, ಮುಡಿಯಲ್ಲಿ ಅಡಕೆ ಹಿಂಗಾರದ ಎಸಳು. ಮನೆಯ ದೈವದ ಗುಡಿಗೆ ಹೋಗಿ ಬಂದದ್ದು ನೋಡಿದರೇ ಗೊತ್ತಾಗುತ್ತಿತ್ತು.

“ಚಿಕ್ಕಮ್ಮ, ಬಾಯಿ ತೆಗೆ. ನಾಲಗೆಯ ಅಡಿಗೆ ಒಂದು ಹನಿ. ನುಂಗ್ಲಿಕ್ಕಿಲ್ಲ, ಅಲ್ಲೇ ಇಟ್ಕೊಳ್ಬೇಕು.”

“ಬೇಡ.”

“ಎಂತ ಬೇಡ?”

“ಅಕ್ಕ ಎದ್ದು ತನ್ನ ಕಾಲಲ್ಲಿ ಮನೆಗೆ ಬರುವ ತನಕ ಆ ಮದ್ದು ಮುಟ್ಟುದಿಲ್ಲ ಅಂತ ಹೇಳಿ ಬಂದಿದ್ದೇನೆ. ದೈವದ ಎದುರು ಆಡಿದ ಮಾತು. ಕೈ ನೀಡಿದವಳು ನಾನು. ಅವಳು ಮಲಗಿರುವಾಗ ಅವಳ ಬಾಯಿಂದ ಕಿತ್ತು ನಾನು ಕುಡಿಯುದಾ?”

“ಅದು ಅವಳ ಬಾಯಿಗೆ ವಿಷ ಚಿಕ್ಕಮ್ಮ. ನಿನಗೆ ಮಾತ್ರ ಮದ್ದು. ನೀನು ತೆಗೊಳ್ಳದಿದ್ರೆ ಅವಳಿಗೆ ಒಂದು ಕಾಳಿನಷ್ಟೂ ಲಾಭ ಇಲ್ಲ.”

“ಲಾಭಕ್ಕೆ ಹರಕೆ ಹೇಳುದಲ್ಲ ಮಗಾ.”

ಸುಂದರಿ ದಿಂಬಿನ ಮೇಲಿನಿಂದ ನಕ್ಕಳು. ಆಗ ಅವಳಿಗೆ ಮಾತಿತ್ತು. ಅಲ್ಲಲ್ಲಿ ತಡವರಿಸುತ್ತಿತ್ತು, ಅಷ್ಟೇ. “ಇವಳ ಹರಕೆ ನನಗೆ ಗೊತ್ತುಂಟು. ಹಿಂದೆ ನನಗೆ ಜ್ವರ ಬಂದಾಗ ಹುಷಾರಾಗುವ ತನಕ ಮೀನು ಬಿಡ್ತೇನೆ ಅಂತ ಹೇಳಿ ಬಂದ್ಲು. ಆಮೇಲೆ ಬಂಗುಡೆ ಮೀನಿನ ಕಾಲ. ನಾನು ಬೇಗ ಹುಷಾರಾಗುದಿಲ್ಲ ಅಂತ ದಿನಾ ನನಗೇ ಬೈಗುಳ.”

“ಬಿಟ್ಟದ್ದು ಬಿಟ್ಟಿದ್ದೆ ಅಲ್ವಾ. ಒಂದು ಮುಳ್ಳು ಮುಟ್ಟಿದ್ದೆನಾ?” ಎಂದಳು ಲೀಲಾವತಿ.

“ಮುಟ್ಲಿಲ್ಲ. ಪರಿಮಳ ತೆಗೊಳ್ಲಿಕ್ಕೆ ನೀನು ಪಕ್ಕದ ಮನೆಯಲ್ಲಿ ಕೂರ್ತಾ ಇದ್ದೆ.” ಸುಂದರಿಯ ನಗು ನಿಂತಿತು. “ಲೀಲಾ, ತೆಗೊ. ಹಿರಿಯವಳು ನಾನು ಹೇಳುದು.”

“ಹಿರಿಯವಳಾದ್ರೆ ಎದ್ದು ನಿಂತು ಹೇಳು.”

ಸುಂದರಿ ಏಳಲು ನೋಡಿದಳು. ನರ್ಸು ಬಂದು ಭುಜ ಹಿಡಿದು ಮಲಗಿಸಿದಳು.

ಮರುದಿನವೂ ಅದೇ ಆಯಿತು. ಅದರ ಮರುದಿನವೂ. ಹರಿಣಾಕ್ಷಿ ಬೆಳಿಗ್ಗೆ ಫ್ರಿಜ್ಜಿನಿಂದ ಡಬ್ಬಿ ತರುವಳು, ಸಂಜೆ ಹಾಗೆಯೇ ಒಯ್ದು ಇಡುವಳು. ಒಮ್ಮೆ ಬಿಸಿ ಚಹಾದಲ್ಲಿ ಬೆರೆಸಿದರೆ ಹೇಗೆ ಎಂದು ಯೋಚಿಸಿದಳು. ಬಿಸಿಗೆ ಮದ್ದು ಸಾಯುತ್ತದೆ. ಎಳನೀರಿನಲ್ಲಿ ಕೊಟ್ಟರೆ ಹೊಟ್ಟೆಗೆ ಇಳಿದು ಕೆಡುತ್ತದೆ. ನಾಲಗೆಯ ಅಡಿಯಲ್ಲಿ ನಿಂತರೆ ಮಾತ್ರ ಅದು ರಕ್ತಕ್ಕೆ ಹೋಗುವುದು. ಒಪ್ಪದವರ ನಾಲಗೆಯ ಅಡಿಯಲ್ಲಿ ಯಾವ ಮದ್ದು ನಿಲ್ಲುತ್ತದೆ?

ದೈವದ ಪೂಜೆ ಮಾಡುವ ಅಜ್ಜನ ಹತ್ತಿರವೂ ಹೋದಳು. “ಆಡಿದ ಮಾತನ್ನು ಆಡಿದವರೇ ಬಿಡಬೇಕು ಮಗ. ನಾನು ಬಿಡಿಸ್ಲಿಕ್ಕೆ ಬರುದಿಲ್ಲ,” ಎಂದ ಆತ. ಅವಳ ಕಣ್ಣು ನೋಡಲಾಗದೆ ದೀಪದ ಬತ್ತಿ ಸರಿಮಾಡಿದ. ಹರಿಣಾಕ್ಷಿ ಗುಡಿಯ ಎದುರು ಕೈಮುಗಿದು ನಿಂತಳು. ಚಿಕ್ಕಂದಿನಿಂದ ಅಲ್ಲಿ ನಿಂತು ಬೇಡಿಕೊಂಡದ್ದು ಎಷ್ಟೋ. ಇಂದು ಇಬ್ಬರನ್ನೂ ಉಳಿಸು ಎನ್ನಲು ಗೆರೆ ನೋಡಿದ ಕಣ್ಣು ಬಿಡಲಿಲ್ಲ. ಒಬ್ಬಳನ್ನು ಉಳಿಸು ಎನ್ನಲು ಬಾಯಿ ಬರಲಿಲ್ಲ.

ವಾರ್ಡಿನ ನರ್ಸು ಅದೇ ಸಂಜೆ ಲೀಲಾವತಿಯ ತೋಳಿಗೂ ಪಟ್ಟಿ ಸುತ್ತಿ ಒತ್ತಡ ನೋಡಿದಳು. ಆಮೇಲೆ ಹರಿಣಾಕ್ಷಿಯನ್ನು ಹೊರಗೆ ಕರೆದು, “ಇವರನ್ನೂ ಅಡ್ಮಿಟ್ ಮಾಡಿ. ಇಷ್ಟು ಇಟ್ಕೊಂಡು ಇವರು ಸ್ಟೂಲಲ್ಲಿ ಹೇಗೆ ಕೂತಿದ್ದಾರೋ,” ಎಂದಳು. ಲೀಲಾವತಿ ಸ್ಟೂಲು ಬಿಡಲಿಲ್ಲ, ಒತ್ತಡದ ಮಾತ್ರೆಗಳನ್ನು ಮಾತ್ರ ನುಂಗಿದಳು. ಅವು ಹರಕೆಯೊಳಗೆ ಬಂದಿರಲಿಲ್ಲ. ಒತ್ತಡ ಕೊಂಚ ಇಳಿದು ಮತ್ತೆ ಏರಿತು.

*

ಗಂಜಿ ಉಣಿಸುವಾಗ ಅದು ಬಂತು.

ಹರಿಣಾಕ್ಷಿ ಎರಡನೆಯ ಚಮಚ ಕೊಟ್ಟಿದ್ದಳಷ್ಟೆ. ಗಂಜಿ ಅಮ್ಮನ ಬಾಯಿಯ ಬಲಗಡೆಯಿಂದ ಕೆಳಗೆ ಹರಿಯಿತು. “ಅಮ್ಮ, ಸರಿಯಾಗಿ,” ಎಂದು ಒರೆಸಲು ಹೋದಾಗ ಆ ಬದಿಯ ಕೆನ್ನೆ ಕೈಗೆ ಸಿಕ್ಕಿದ್ದು ಬೇರೆಯವರ ಕೆನ್ನೆಯ ಹಾಗೆ. ಸುಂದರಿ ಏನೋ ಹೇಳಲು ಹೊರಟಳು. ಬಂದದ್ದು ಮಾತಲ್ಲ. ತನಗೇ ಅದು ಕೇಳಿ ಅವಳ ಕಣ್ಣು ಹೆದರಿದವು. ಇಷ್ಟು ವರ್ಷ ಪದ್ಯಕ್ಕೆ ಅರ್ಥ ಹೇಳುತ್ತ ಬೀಡಿ ಸುತ್ತಿದ ಬಾಯಿ ಅದು.

ಡಾಕ್ಟರುಗಳು ಓಡಿಬಂದರು. ಹೆಪ್ಪು ಕರಗಿಸಿದರು, ಒಳಗೆ ಒಯ್ದರು, ಮಾಡುವಷ್ಟು ಮಾಡಿದರು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ಮತ್ತೊಂದು ಹೊಡೆತ ಯಾವಾಗ ಬೇಕಾದರೂ ಬರಬಹುದು, ಮುಂದಿನದು ಇಷ್ಟಕ್ಕೆ ಬಿಡಲಿಕ್ಕಿಲ್ಲ ಎಂದು ಧರಣೇಂದ್ರರು ಹರಿಣಾಕ್ಷಿಗೆ ಹೇಳಿದರು. ಹೊಸ ಮದ್ದು ಗಾಜಿನ ಪಾತ್ರೆಯಲ್ಲಿ ಆಗಷ್ಟೇ ಬೆಳೆಯತೊಡಗಿತ್ತು.

ಸುಂದರಿಯನ್ನು ವಾರ್ಡಿಗೆ ತಂದ ಮಧ್ಯಾಹ್ನ ಲೀಲಾವತಿ ಅದೇ ಸ್ಟೂಲನ್ನು ಮಂಚದ ಎಡಬದಿಗೆ ಎಳೆದು ಕೂತಳು. ಅಕ್ಕನ ತಲೆಗೂದಲು ಸರಿಮಾಡಿದಳು. ಹರಿಣಾಕ್ಷಿ ಡಬ್ಬಿ ತೆರೆದಾಗ ಅತ್ತ ತಿರುಗಲೂ ಇಲ್ಲ.

“ಇನ್ನಂತೂ ಇಲ್ಲ,” ಎಂದಳು. “ಇವಳು ನಡೆದು ಬರ್ಲಿ.”

“ಇವಳು ನಡೆಯುದಿಲ್ಲ ಚಿಕ್ಕಮ್ಮ.” ಇಷ್ಟು ದಿನ ಅಮ್ಮನ ಎದುರು ಆಡದ ಮಾತು ಹರಿಣಾಕ್ಷಿಯ ಬಾಯಿಂದ ಹೊರಬಿತ್ತು. “ನಡೆಯುದಿಲ್ಲ. ಗೊತ್ತಾಯ್ತಾ? ನಾನು ಗೆರೆ ನೋಡಿದ್ದೇನೆ. ಇವಳದ್ದೂ ನೋಡಿದ್ದೇನೆ, ನಿನ್ನದೂ ನೋಡಿದ್ದೇನೆ. ಸೋಮವಾರ ಒಬ್ಬಳು, ಮಂಗಳವಾರ ಇನ್ನೊಬ್ಬಳು ಅಂತ ನಾನು ಹೊತ್ತುಕೊಂಡು ಹೋಗ್ಬೇಕಾ?”

ಲೀಲಾವತಿ ಅಕ್ಕನ ಹೊದಿಕೆ ಎಳೆದು ಸರಿಮಾಡಿದಳು.

ಹರಿಣಾಕ್ಷಿ ನೆಲಕ್ಕೆ ಕುಸಿದು ಚಿಕ್ಕಮ್ಮನ ಪಾದ ಹಿಡಿದಳು. ಎದುರಿನ ಮಂಚದವರು ನೋಡುತ್ತಿದ್ದರು, ಅವಳು ಅದನ್ನು ಲೆಕ್ಕಿಸಲಿಲ್ಲ. “ನಿನ್ನ ಕಾಲು ಹಿಡಿತೇನೆ. ನನಗೆ ಒಬ್ಬಳನ್ನಾದ್ರೂ ಬಿಡು. ತಪ್ಪು ನಮ್ಮದು. ಕಾರ್ಡು ನೋಡಿ ಮನುಷ್ಯರನ್ನು ನೋಡದ ನಮ್ಮದು. ಹೇಳಿದ್ದು ತಪ್ಪಿದ್ರೆ ಬರುವ ದೋಷ ನನಗಿರ್ಲಿ.”

“ದೋಷ ಹಾಗೆ ಕೈ ಬದಲಿಸುದಿಲ್ಲ ಮಗಾ,” ಎಂದಳು ಲೀಲಾವತಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ನಿನ್ನನ್ನು ನೋಡಿ ನನಗೆ ಸಂಕಟ ಆಗುದಿಲ್ವಾ? ಆದ್ರೆ ನಾನು ಒಂದು ಹನಿ ಕುಡಿದು ಇವಳ ಮುಖ ಹೇಗೆ ನೋಡ್ಲಿ?”

ಆಗ ಮಂಚ ಕಿರುಗುಟ್ಟಿತು.

ಸುಂದರಿಯ ಎಡಗೈ ಹೊದಿಕೆಯ ಹೊರಗೆ ಬಂದಿತ್ತು. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ದಾರಿ ಹುಡುಕಿತು. ಮೊದಲು ಸ್ಟೂಲಿನ ಅಂಚು, ಆಮೇಲೆ ತಂಗಿಯ ತೋಳು, ಭುಜ. ಅಕ್ಕ ತನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡು ಲೀಲಾವತಿ ಮುಖವನ್ನು ಆ ಕೈಗೆ ತಂದಳು. ಕೈ ಅವಳ ಗಲ್ಲವನ್ನು ಹಿಡಿಯಿತು. ಹೆಬ್ಬೆರಳು ಒಂದು ಕೆನ್ನೆಯಲ್ಲಿ, ಉಳಿದ ಬೆರಳು ಇನ್ನೊಂದು ಕೆನ್ನೆಯಲ್ಲಿ. ಹಠಮಾರಿ ಮಗುವಿಗೆ ಹರಳೆಣ್ಣೆ ಕುಡಿಸುವಾಗ ತಾಯಂದಿರು ಹಿಡಿಯುವ ಹಿಡಿತ ಅದು. ಸುಂದರಿ ಒತ್ತಿದಳು.

ಲೀಲಾವತಿ ಬಿಡಿಸಿಕೊಳ್ಳಬಹುದಿತ್ತು. ಅವಳಿಗೆ ಎರಡು ಕೈ ಇದ್ದವು. ಅಕ್ಕನ ಮಣಿಕಟ್ಟನ್ನು ಹಿಡಿದಳು ಕೂಡ. ಸುಂದರಿಯ ಬಾಯಿಯಿಂದ ಒಂದು ಸದ್ದು ಬಂತು. ಅದಕ್ಕೆ ಅಕ್ಷರ ಇರಲಿಲ್ಲ. ಆದರೆ ಸುಂದರಿಯ ಹೆಸರಿಗೆ ಇಷ್ಟು ವರ್ಷ ಓಗೊಟ್ಟವಳಿಗೆ ಅದು ಗದರಿಕೆಯೆಂದು ಗೊತ್ತಾಯಿತು. ಮಣಿಕಟ್ಟಿನ ಮೇಲಿನ ಅವಳ ಕೈ ಸಡಿಲಾಯಿತು. ಬಾಯಿ ತೆರೆಯಿತು.

“ಬೇಗ,” ಎಂದು ಹರಿಣಾಕ್ಷಿ ತನಗೆ ತಾನೇ ಹೇಳಿಕೊಂಡು ಶೀಶೆಯ ಕತ್ತು ಮುರಿದಳು. ಹನಿ ನಾಲಗೆಯ ಅಡಿಗೆ ಬಿತ್ತು. “ನುಂಗಬೇಡ ಚಿಕ್ಕಮ್ಮ. ಮಾತಾಡಬೇಡ. ಹಾಗೇ ಇರು.”

ಲೀಲಾವತಿ ಅಳುತ್ತಲೇ ಬಾಯಿ ಮುಚ್ಚಿದಳು. ಸುಂದರಿ ಹಿಡಿತ ಬಿಡಲಿಲ್ಲ. ತಂಗಿ ಉಗುಳಿಬಿಟ್ಟಾಳು ಎಂಬ ಸಂಶಯ ಅವಳ ಕಣ್ಣಲ್ಲಿ ಎದ್ದು ಕಾಣುತ್ತಿತ್ತು. ತೋಳು ಮೊಣಕೈಯ ತನಕ ಅದುರುತ್ತಿತ್ತು. ಹರಿಣಾಕ್ಷಿ ತನ್ನ ಅಂಗೈಯನ್ನು ಅಮ್ಮನ ಮೊಣಕೈಯ ಅಡಿಗೆ ಕೊಟ್ಟಳು.

ಮದ್ದು ಕರಗಿತು. ಆದರೂ ಮೂವರು ಹಾಗೆಯೇ ಇದ್ದರು. ನಾಳೆ ಇನ್ನೊಂದು ಶೀಶೆ ಮುರಿಯಬೇಕಿತ್ತು, ನಾಡಿದ್ದು ಮತ್ತೊಂದು. ನಾಳೆಗೂ ಈ ಕೈ ಏಳಬೇಕಿತ್ತು.